ಆಪರೇಷನ್ ಆದ ರಾತ್ರಿ ಅಪ್ಪನ ಉಸಿರು ನಿಮಿಷಕ್ಕೆ ಆರಕ್ಕೆ ಇಳಿದಿತ್ತು, ಆಕ್ಸಿಮೀಟರ್ ಮಾತ್ರ 97 ತೋರಿಸುತ್ತಿತ್ತು. ಇದು ಹೇಗೆ?

ಹಾಸನದ ಮಗಳು
ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಹನ್ನೆರಡು ದಿನಗಳ ಹಿಂದೆ ನಡೆದದ್ದನ್ನು ಇಂದು ಬರೆಯುತ್ತಿದ್ದೇನೆ. ಇಷ್ಟು ದಿನ ಬರೆಯಲು ಕೂತರೆ ಕೈ ನಡುಗುತ್ತಿತ್ತು.

ಅಪ್ಪನಿಗೆ 67 ವರ್ಷ. ಬಲ ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ. ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ಕರೆದುಕೊಂಡು ಹೋದರು, ಮಧ್ಯಾಹ್ನ ವಾರ್ಡಿಗೆ ತಂದರು. ಬೆನ್ನಿಗೆ ಕೊಟ್ಟ ಅರಿವಳಿಕೆ ಸಂಜೆಯ ಹೊತ್ತಿಗೆ ಇಳಿಯಿತು. ಎಂಟು ಗಂಟೆಗೆ ನೋವು ತಡೆಯಲಾರದೆ ಹಲ್ಲು ಕಚ್ಚಿದರು. ಮಾರ್ಫಿನ್ ಇಂಜೆಕ್ಷನ್ ಕೊಟ್ಟರು. ಹತ್ತಕ್ಕೆ ಮತ್ತೆ ನೋವು, ಮತ್ತೊಂದು ಇಂಜೆಕ್ಷನ್. ಅಪ್ಪ ಎಷ್ಟೋ ವರ್ಷಗಳಿಂದ ಮಲಗುವ ಮುಂಚೆ ಅಲ್ಪ್ರಜೋಲಂ ಮಾತ್ರೆ ನುಂಗುತ್ತಾರೆ. ಅದು ಅಮ್ಮನ ಕೈಚೀಲದಲ್ಲಿಯೇ ಇತ್ತು. "ನಿದ್ದೆ ಬರುತ್ತಿಲ್ಲ, ಅದನ್ನು ಕೊಡಮ್ಮ" ಎಂದರು. ಕೊಟ್ಟೆ. ಸಿಸ್ಟರನ್ನು ಕೇಳಲಿಲ್ಲ. ದಿನವೂ ನುಂಗುವ ಮಾತ್ರೆ ತಾನೆ ಎಂದುಕೊಂಡೆ.

ಹನ್ನೊಂದರ ಹೊತ್ತಿಗೆ ಗೊರಕೆ ಶುರುವಾಯಿತು. ಮೂಗಿಗೆ ಆಮ್ಲಜನಕದ ನಳಿಕೆ ಇತ್ತು, ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 97 ಎನ್ನುತ್ತಿತ್ತು. ಸದ್ಯ, ನೋವಿಲ್ಲದೆ ಮಲಗಿದರಲ್ಲ ಎಂದು ನಾನು ದೇವರಿಗೆ ಕೈ ಮುಗಿದೆ. ಪಕ್ಕದ ಹಾಸಿಗೆಯ ರೋಗಿಯ ಜೊತೆ ಬಂದಿದ್ದ ಅಜ್ಜಿಯೊಬ್ಬರು ಎದ್ದು ಬಂದರು. "ಇದು ನಿದ್ದೆಯ ಗೊರಕೆ ಅಲ್ಲ ಮಗಳೇ, ನಡುನಡುವೆ ನಿಲ್ಲುತ್ತಿದೆ. ಎಬ್ಬಿಸು" ಎಂದರು. ಕೂಗಿದೆ, ಭುಜ ಅಲುಗಾಡಿಸಿದೆ. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದರು. ಸಿಸ್ಟರ್ ಓಡಿ ಬಂದು ಉಸಿರು ಎಣಿಸಿದರು. ನಿಮಿಷಕ್ಕೆ ಆರು. ಡಾಕ್ಟರ್ ಬಂದು ಏನೋ ಔಷಧವನ್ನು ಸ್ವಲ್ಪ ಸ್ವಲ್ಪವಾಗಿ ರಕ್ತನಾಳಕ್ಕೆ ಕೊಟ್ಟರು. ಒಂದೆರಡು ನಿಮಿಷದಲ್ಲಿ ಅಪ್ಪ "ಅಯ್ಯೋ ಕಾಲು" ಎಂದು ಎಚ್ಚರಗೊಂಡರು. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಅದೇ ಸ್ಥಿತಿ. ಆ ಔಷಧವನ್ನು ಮತ್ತೆ ಕೊಟ್ಟು ಐಸಿಯುಗೆ ಕರೆದೊಯ್ದರು.

ಈಗ ಮನೆಯಲ್ಲಿದ್ದಾರೆ, ವಾಕರ್ ಹಿಡಿದು ನಡೆಯುತ್ತಿದ್ದಾರೆ. ಆದರೆ ಮುಂದಿನ ತಿಂಗಳು ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಇದೆ. ನನಗೆ ಎರಡು ವಿಷಯ ತಿಳಿಯಬೇಕು. ಉಸಿರು ಆರಕ್ಕೆ ಇಳಿದಾಗಲೂ ಯಂತ್ರ 97 ತೋರಿಸಿದ್ದು ಹೇಗೆ? ಅಮ್ಮನ ಜೊತೆ ಕೂರುವ ರಾತ್ರಿ ನಾನು ಏನನ್ನು ನೋಡುತ್ತಿರಬೇಕು?


ಅರಿವಳಿಕೆ ವೈದ್ಯೆ, ಮೈಸೂರು
ಸೋಮವಾರ, ರಾತ್ರಿ 10.25

ಮೊದಲು ಆ ಅಜ್ಜಿಗೆ ನನ್ನ ನಮಸ್ಕಾರ. ನಮ್ಮ ವೃತ್ತಿಯಲ್ಲಿ ಕಿರಿಯರಿಗೆ ಮತ್ತೆ ಮತ್ತೆ ಹೇಳಿಕೊಡುವ ಪಾಠವನ್ನು ಅವರು ಕಿವಿಯಿಂದಲೇ ಕಂಡುಕೊಂಡಿದ್ದಾರೆ.

ನಿಮ್ಮ ಮೊದಲ ಪ್ರಶ್ನೆ ಬಹಳ ಮುಖ್ಯ. ಉಸಿರಾಟಕ್ಕೆ ಎರಡು ಕೆಲಸ. ಆಮ್ಲಜನಕವನ್ನು ಒಳಗೆ ತರುವುದು ಒಂದು, ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುವುದು ಇನ್ನೊಂದು. ಆಕ್ಸಿಮೀಟರ್ ಮೊದಲನೆಯದನ್ನು ಮಾತ್ರ ಹೇಳುತ್ತದೆ. ಮನೆಗೆ ನಲ್ಲಿಯಲ್ಲಿ ನೀರು ಬರುತ್ತಿದೆ, ಆದರೆ ಬಚ್ಚಲು ಕಟ್ಟಿಕೊಂಡಿದೆ ಎಂದುಕೊಳ್ಳಿ. ನಲ್ಲಿ ನೋಡಿದರೆ ಎಲ್ಲ ಸರಿ. ಮೂಗಿನ ನಳಿಕೆಯಲ್ಲಿ ಆಮ್ಲಜನಕ ಬರುತ್ತಿರುವಾಗ ನಿಮಿಷಕ್ಕೆ ಆರು ಉಸಿರಾದರೂ ರಕ್ತದ ಆಮ್ಲಜನಕ ಬಹಳ ಹೊತ್ತು ಕುಸಿಯುವುದಿಲ್ಲ. ಆ ವೇಳೆಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಅದು ಹೆಚ್ಚಾದಷ್ಟೂ ಮಂಪರು ಹೆಚ್ಚು, ಮಂಪರು ಹೆಚ್ಚಿದಷ್ಟೂ ಉಸಿರು ಕಡಿಮೆ. ಆಕ್ಸಿಮೀಟರಿನ ಅಂಕಿ ಕುಸಿಯುವ ಹೊತ್ತಿಗೆ ತಡವಾಗಿರುತ್ತದೆ. ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಎಂಬ ಯಂತ್ರ ಇದೆ. ಆಪರೇಷನ್ ಕೋಣೆಯಲ್ಲಿ ಅದಿಲ್ಲದೆ ನಾವು ಕೆಲಸ ಮಾಡುವುದಿಲ್ಲ. ಸಾಮಾನ್ಯ ವಾರ್ಡುಗಳಲ್ಲಿ ಅದು ಇನ್ನೂ ಅಪರೂಪ.

ಮಾರ್ಫಿನ್ ಇದನ್ನು ಹೇಗೆ ಮಾಡುತ್ತದೆ? ಮಿದುಳಿನ ಕಾಂಡದಲ್ಲಿ ಉಸಿರಿನ ಲಯ ಹುಟ್ಟುವ ಜಾಗ ಇದೆ. ಇಂಗಾಲದ ಡೈಆಕ್ಸೈಡ್ ಏರಿದರೆ "ಉಸಿರು ಎಳೆ" ಎಂದು ಅದು ಒತ್ತಾಯಿಸುತ್ತದೆ. ನೀರಿನಲ್ಲಿ ಮುಳುಗಿ ಉಸಿರು ಹಿಡಿದಾಗ ಎದೆಯೊಳಗೆ ಚಡಪಡಿಕೆ ಹುಟ್ಟುತ್ತದಲ್ಲ, ಅದೇ. ನೋವನ್ನು ತಗ್ಗಿಸಲು ಮಾರ್ಫಿನ್ ಯಾವ ಗ್ರಾಹಕಗಳಿಗೆ (ಜೀವಕೋಶಗಳ ಮೇಲೆ ಔಷಧ ಕೂರುವ ಜಾಗಗಳಿಗೆ) ಅಂಟಿಕೊಳ್ಳುತ್ತದೆಯೋ ಅವೇ ಗ್ರಾಹಕಗಳು ಅಲ್ಲಿಯೂ ಇವೆ. ಆದ್ದರಿಂದ ಆ ಚಡಪಡಿಕೆಯೇ ಮಂದವಾಗುತ್ತದೆ. ಜೊತೆಗೆ ಗಂಟಲಿನ ಸ್ನಾಯುಗಳು ಸಡಿಲವಾಗಿ ದಾರಿ ಕಿರಿದಾಗುತ್ತದೆ. ನೀವು ಕೇಳಿದ ಗೊರಕೆ ಅದು.

ಎಚ್ಚರಿಸಲು ಕೊಟ್ಟ ಔಷಧ ನಲೋಕ್ಸೋನ್. ಅದು ಮಾರ್ಫಿನನ್ನು ಆ ಗ್ರಾಹಕಗಳಿಂದ ತಳ್ಳಿ ತಾನು ಕೂರುತ್ತದೆ. ಆದರೆ ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮಾತ್ರ. ಮಾರ್ಫಿನ್ ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿರುತ್ತದೆ. ಅದಕ್ಕೇ ನಿಮ್ಮ ತಂದೆಯವರು ಎರಡನೆಯ ಸಲ ಮಂಪರಿಗೆ ಜಾರಿದರು. ಒಂದೇ ಸಲಕ್ಕೆ ಕೊಡದೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟದ್ದೂ ಸರಿ. ಒಮ್ಮೆಲೇ ಕೊಟ್ಟರೆ ನೋವು ಪೂರ್ತಿ ಮರಳಿ ಬಂದು ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಭಾರವಾಗುತ್ತದೆ.

ಅಲ್ಪ್ರಜೋಲಂ ವಿಷಯ. ಮನೆಯಲ್ಲಿ ದಿನವೂ ಒಗ್ಗಿದ ಮಾತ್ರೆಯೇ ಮಾರ್ಫಿನ್ ಜೊತೆ ಸೇರಿದಾಗ ಬೇರೆಯದೇ ಔಷಧದಂತೆ ವರ್ತಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಾರ್ಫಿನ್ ಗುಂಪು, ಅಲ್ಪ್ರಜೋಲಂ ಗುಂಪು ಈ ಎರಡರ ಜೋಡಿಯ ಬಗ್ಗೆ 2016ರಲ್ಲಿ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಹಾಕಿಸಿತು. ಇದನ್ನು ನಿಮ್ಮನ್ನು ದೂರಲು ಹೇಳುತ್ತಿಲ್ಲ. "ಮನೆಯ ಮಾತ್ರೆ ಯಾವುದನ್ನೂ ಕೊಡಬೇಡಿ" ಎಂದು ನಿಮಗೆ ಹೇಳುವುದು ನಮ್ಮ ಕೆಲಸ. ಆ ರಾತ್ರಿ ಅದನ್ನು ಯಾರೂ ಹೇಳಿರಲಿಲ್ಲ ಎಂದು ಕಾಣುತ್ತದೆ.


ಚನ್ನರಾಯಪಟ್ಟಣದ ರೈತ
ಸೋಮವಾರ, ರಾತ್ರಿ 10.50

ಇದನ್ನು ಓದಿ ಎದೆ ನಡುಗಿತು. ಮಾರ್ಫಿನ್ ಎಂದರೆ ಅಫೀಮೇ ಅಲ್ಲವೇ? ಇಷ್ಟು ಅಪಾಯ ಇರುವಾಗ ಅದನ್ನು ಕೊಡುವುದಾದರೂ ಏಕೆ? ನಮ್ಮ ದೊಡ್ಡಪ್ಪ ಹರ್ನಿಯಾ ಆಪರೇಷನ್ ಆದಾಗ ಯಾವ ಇಂಜೆಕ್ಷನ್ನೂ ಬೇಡವೆಂದು ನೋವನ್ನು ಸಹಿಸಿಕೊಂಡರು. ಎರಡು ದಿನ ಸಹಿಸಿದರೆ ಮುಗಿಯಿತಲ್ಲ. ಅಕ್ಕ, ಅಮ್ಮನಿಗೆ ಇಂಥದ್ದು ಏನೂ ಬೇಡ ಎಂದು ಬರೆದು ಸಹಿ ಮಾಡಿಕೊಡಿ.


ರಾತ್ರಿ ಪಾಳಿಯ ಸಿಸ್ಟರ್
ಮಂಗಳವಾರ, ಬೆಳಿಗ್ಗೆ 7.15

ಈಗಷ್ಟೇ ಪಾಳಿ ಮುಗಿಸಿ ಬಂದೆ. ಮಲಗುವ ಮುಂಚೆ ಇದಕ್ಕೆ ಉತ್ತರ ಬರೆಯಲೇಬೇಕು.

ಅಣ್ಣ, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹೊಟ್ಟೆಯ ಅಥವಾ ಎದೆಯ ಆಪರೇಷನ್ ಆದವರು ನೋವಿಗೆ ಹೆದರಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಕೆಳಗೆ ಕೂತು ನ್ಯುಮೋನಿಯಾ ಆಗುತ್ತದೆ. ಮೊಣಕಾಲಿನ ಆಪರೇಷನ್ ಆದವರು ನೋವಿಗೆ ಹೆದರಿ ಕಾಲು ಅಲುಗಿಸದಿದ್ದರೆ ರಕ್ತ ಹೆಪ್ಪುಗಟ್ಟುವ ಭಯ. ನೋವನ್ನು ನುಂಗಿಕೊಂಡು ಗೋಡೆಯ ಕಡೆ ಮುಖ ಮಾಡಿ ಅಳುವ ತಾಯಂದಿರನ್ನು ಇಪ್ಪತ್ತೆರಡು ವರ್ಷಗಳಿಂದ ನೋಡುತ್ತಿದ್ದೇನೆ. ಅವರಿಗೆ ಸಿಕ್ಕಬೇಕಾದ ಔಷಧ ನಮ್ಮ ದೇಶದಲ್ಲಿ ಹೆದರಿಕೆಯಿಂದಲೂ ಕಾಗದ ಪತ್ರಗಳ ತೊಡಕಿನಿಂದಲೂ ಎಷ್ಟೋ ಕಡೆ ಸಿಗುವುದೇ ಇಲ್ಲ. 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಟ್ಟುಕೊಳ್ಳುವುದಕ್ಕೇ ಆಸ್ಪತ್ರೆಗಳು ಹಿಂಜರಿದವು. 2014ರ ತಿದ್ದುಪಡಿಯಲ್ಲಿ ಮಾರ್ಫಿನ್, ಫೆಂಟನಿಲ್ ಮುಂತಾದವನ್ನು ಅವಶ್ಯಕ ಔಷಧಗಳೆಂದು ಬೇರೆ ಮಾಡಿ ದಾರಿ ಸ್ವಲ್ಪ ಸರಳಗೊಳಿಸಿದರು. ಆ ಔಷಧವನ್ನು ಬೇಡ ಎನ್ನಬೇಡಿ. ಕೊಟ್ಟ ಮೇಲೆ ನೋಡಿಕೊಳ್ಳುವವರು ಯಾರು ಎಂದು ಕೇಳಿ.

ನಮ್ಮ ವಾರ್ಡಿನಲ್ಲಿ 28 ಹಾಸಿಗೆ, ರಾತ್ರಿ ಇಬ್ಬರು ಸಿಸ್ಟರ್. ಒಂದು ತುದಿಯಲ್ಲಿ ಡ್ರಿಪ್ ಬದಲಿಸುವಾಗ ಇನ್ನೊಂದು ತುದಿಯ ಉಸಿರು ನಮಗೆ ಕೇಳುವುದಿಲ್ಲ. ಹೀಗಿರಬಾರದು, ಆದರೆ ಹೀಗಿದೆ. ಆದ್ದರಿಂದ ಪಕ್ಕದಲ್ಲಿ ಕೂರುವವರಿಗೆ ನಾನು ಏನು ಹೇಳಿಕೊಡುತ್ತೇನೆಯೋ ಅದನ್ನೇ ಇಲ್ಲಿ ಬರೆಯುತ್ತೇನೆ.

ರೋಗಿಯನ್ನು ಮುಟ್ಟುವ, ಕರೆಯುವ ಮೊದಲೇ ಉಸಿರು ಎಣಿಸಿ. ಹೊದಿಕೆ ಸರಿಸಿ, ಎದೆ ಹೊಟ್ಟೆ ಏಳುವುದನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಲೆಕ್ಕ ಹಾಕಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಏಕೆಂದರೆ ಈ ಔಷಧದ ಮಂಪರಿನಲ್ಲಿ ಉಸಿರು ಬಿಟ್ಟು ಬಿಟ್ಟು ಬರುತ್ತದೆ. ಮೊದಲೇ ಎಬ್ಬಿಸಿದರೆ ಅವರು ನಾಲ್ಕು ಒಳ್ಳೆಯ ಉಸಿರು ಎಳೆದು ನಿಮಗೆ ಸುಳ್ಳು ಸಮಾಧಾನ ಕೊಡುತ್ತಾರೆ, ನೀವು ಆ ಕಡೆ ತಿರುಗಿದ ಕೂಡಲೇ ಮತ್ತೆ ಜಾರುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ 12ರಿಂದ 20 ಇರಬೇಕು. ಹತ್ತಕ್ಕಿಂತ ಕಡಿಮೆ ಬಂದರೆ ಸಿಸ್ಟರನ್ನು ಕರೆಯಿರಿ. ಎಂಟಕ್ಕಿಂತ ಕಡಿಮೆ ಬಂದರೆ ಕೂಗಿ ಕರೆಯಿರಿ. ನಾವು ಬೇಸರ ಮಾಡಿಕೊಳ್ಳುವುದಿಲ್ಲ.

ಎಣಿಸಿದ ಮೇಲೆ ಮಾತನಾಡಿಸಿ. "ಅಪ್ಪಾ, ಊಟಕ್ಕೆ ಏನು ಬೇಕು?" ಎಂದು ಕೇಳಿ. ತಲೆ ಅಲ್ಲಾಡಿಸಿದರೆ ಸಾಲದು, ವಾಕ್ಯ ಪೂರ್ತಿಯಾಗಬೇಕು. ಮಾತಿನ ಮಧ್ಯದಲ್ಲಿಯೇ ರೆಪ್ಪೆ ಮುಚ್ಚಿ ನಿದ್ದೆಗೆ ಹೋದರೆ ಮುಂದಿನ ಇಂಜೆಕ್ಷನ್ ಕೊಡುವ ಸಮಯ ಅದಲ್ಲ, "ನೋವು ಎಷ್ಟು?" ಎಂದು ಕೇಳಿದಾಗ "ಹತ್ತಕ್ಕೆ ಎಂಟು" ಎಂದು ಗೊಣಗಿದರೂ ಅಲ್ಲ. ಉಸಿರು ಕುಸಿಯುವುದಕ್ಕೆ ಮುಂಚೆ ಮಂಪರು ಹೆಚ್ಚುತ್ತದೆ. ನಮಗೆ ಸಿಗುವ ಕಾಲಾವಕಾಶ ಅಷ್ಟೇ.


ಅರಿವಳಿಕೆ ವೈದ್ಯೆ, ಮೈಸೂರು
ಮಂಗಳವಾರ, ಬೆಳಿಗ್ಗೆ 8.05

ಸಿಸ್ಟರ್ ಬರೆದದ್ದಕ್ಕೆ ಒಂದು ಆಧಾರ ಸೇರಿಸುತ್ತೇನೆ. ಅಮೆರಿಕದಲ್ಲಿ ವೈದ್ಯರ ಮೇಲೆ ಹೂಡಿ ಇತ್ಯರ್ಥವಾದ ಪರಿಹಾರ ದಾವೆಗಳ ಕಡತಗಳನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಆಪರೇಷನ್ ನಂತರ ಈ ಔಷಧಗಳಿಂದ ಉಸಿರು ಕುಸಿದ 92 ಪ್ರಕರಣಗಳು ಅದರಲ್ಲಿದ್ದವು. ಶೇಕಡಾ 88 ಪ್ರಕರಣಗಳು ಮೊದಲ 24 ಗಂಟೆಗಳಲ್ಲಿಯೇ ನಡೆದಿದ್ದವು. ಶೇಕಡಾ 62 ರೋಗಿಗಳಲ್ಲಿ ಘಟನೆಗೆ ಮುಂಚೆ ಮಂಪರು ಇತ್ತೆಂದು ದಾಖಲೆಯಲ್ಲಿಯೇ ಬರೆದಿತ್ತು. ನೋಡಿದ್ದಾರೆ, ಬರೆದಿದ್ದಾರೆ, ಒಳ್ಳೆಯ ನಿದ್ದೆ ಎಂದುಕೊಂಡು ಮುಂದೆ ಹೋಗಿದ್ದಾರೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಸತ್ತರು ಅಥವಾ ಮಿದುಳಿಗೆ ತೀವ್ರ ಹಾನಿಯಾಯಿತು. ಇನ್ನೂ ಮನಸ್ಸಿಗೆ ನಾಟುವುದು ಇದು: ಸುಮಾರು ಆರನೇ ಒಂದು ಭಾಗ ಪ್ರಕರಣಗಳಲ್ಲಿ ನರ್ಸ್ ನೋಡಿ ಹೋಗಿ ಹದಿನೈದು ನಿಮಿಷವೂ ಆಗಿರಲಿಲ್ಲ. ನಾಲ್ಕು ಗಂಟೆಗೊಮ್ಮೆ ನಾಡಿ, ರಕ್ತದೊತ್ತಡ ಬರೆಯುವ ಪದ್ಧತಿ ಈ ಔಷಧಗಳಿಗೆ ಏಕೆ ಸಾಲದು ಎಂದು ಇದರಿಂದಲೇ ತಿಳಿಯುತ್ತದೆ. ಉತ್ತಮ ನಿಗಾ ಇದ್ದಿದ್ದರೆ ಬಹುಪಾಲು, ಅಂದರೆ ಶೇಕಡಾ 97ರಷ್ಟನ್ನು ತಪ್ಪಿಸಬಹುದಿತ್ತು ಎಂದು ಪರಿಶೀಲಿಸಿದ ತಜ್ಞರು ತೀರ್ಮಾನಿಸಿದರು.


ಶಿವಮೊಗ್ಗದ ಮೇಷ್ಟ್ರು
ಮಂಗಳವಾರ, ಮಧ್ಯಾಹ್ನ 1.30

ನನ್ನದೊಂದು ಸಂದೇಹ. ನಮ್ಮ ಚಿಕ್ಕಮ್ಮ ಕ್ಯಾನ್ಸರ್‌ನಿಂದ ಕೊನೆಯ ಎಂಟು ತಿಂಗಳು ಮಾರ್ಫಿನ್ ಮಾತ್ರೆ ತೆಗೆದುಕೊಂಡರು. ಪ್ರಮಾಣ ಹೆಚ್ಚುತ್ತಲೇ ಹೋಯಿತು. ಆದರೂ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು, ನಮ್ಮ ಜೊತೆ ಮಾತನಾಡುತ್ತಿದ್ದರು. ಉಸಿರಿಗೆ ಏನೂ ಆಗಲಿಲ್ಲ. ಹಾಗಿದ್ದರೆ ಎರಡೇ ಇಂಜೆಕ್ಷನ್ನಿಗೆ ಇವರ ತಂದೆಗೆ ಏಕೆ ಹೀಗಾಯಿತು?


ಅರಿವಳಿಕೆ ವೈದ್ಯೆ, ಮೈಸೂರು
ಮಂಗಳವಾರ, ಸಂಜೆ 6.10

ಮೇಷ್ಟ್ರೇ, ಸ್ವಲ್ಪದರಿಂದ ಶುರುಮಾಡಿ ನಿಧಾನವಾಗಿ ಏರಿಸಿದಾಗ ಉಸಿರಾಟದ ಕೇಂದ್ರ ಆ ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ನಿಮ್ಮ ಚಿಕ್ಕಮ್ಮನವರ ಮೈ ಒಗ್ಗಿತ್ತು. ಆಪರೇಷನ್ ಆದವರು ಬಹುತೇಕ ಆ ಔಷಧವನ್ನು ಜೀವನದಲ್ಲಿ ಮೊದಲ ಸಲ, ಅದೂ ರಕ್ತನಾಳದ ಮೂಲಕ ಪಡೆಯುತ್ತಿರುತ್ತಾರೆ.

2020ರಲ್ಲಿ ಪ್ರಕಟವಾದ ಪ್ರಾಡಿಜಿ ಎಂಬ ಅಧ್ಯಯನ ಇದನ್ನೇ ಹೇಳಿತು. ಅಮೆರಿಕ, ಯುರೋಪ್, ಏಷ್ಯಾದ 16 ಆಸ್ಪತ್ರೆಗಳ ಸಾಮಾನ್ಯ ವಾರ್ಡುಗಳಲ್ಲಿ 1335 ರೋಗಿಗಳಿಗೆ ಕ್ಯಾಪ್ನೋಗ್ರಾಫ್ ಮತ್ತು ಆಕ್ಸಿಮೀಟರ್ ಎರಡನ್ನೂ ಬಿಡದೆ ಹಾಕಿ ನೋಡಿದಾಗ ಶೇಕಡಾ 46 ಮಂದಿಯಲ್ಲಿ ಒಂದು ಸಲವಾದರೂ ಉಸಿರು ಕುಸಿದದ್ದು ದಾಖಲಾಯಿತು. ಗಾಬರಿಯಾಗಬೇಡಿ, ಅವರೆಲ್ಲರಿಗೂ ಅನಾಹುತವಾಗಲಿಲ್ಲ. ಆದರೆ ಯಾರಿಗೆ ಅಪಾಯ ಹೆಚ್ಚು ಎಂದು ಅದರಿಂದ ತಿಳಿಯಿತು: ಅರವತ್ತು ದಾಟಿದವರು, ಗಂಡಸರು, ನಿದ್ದೆಯಲ್ಲಿ ಉಸಿರು ಕಟ್ಟುವವರು, ಹೃದಯ ದುರ್ಬಲವಾದವರು, ಈ ಔಷಧ ಹೊಸದಾಗಿರುವವರು. ಇವುಗಳಲ್ಲಿ ಮೂರು ನಿಮ್ಮ ತಂದೆಗೆ ಇದ್ದವು, ಹಾಸನದ ಮಗಳು ಅವರೇ. ಮನೆಯಲ್ಲಿ ಅವರು ಜೋರಾಗಿ ಗೊರಕೆ ಹೊಡೆಯುತ್ತಿದ್ದರೇ? ಹೌದಾದರೆ ನಾಲ್ಕು ಇರಬಹುದು.

ಮೂತ್ರಪಿಂಡ ದುರ್ಬಲವಾದವರಲ್ಲಿ ಮಾರ್ಫಿನ್‌ನಿಂದ ಹುಟ್ಟುವ ಇನ್ನೊಂದು ಪದಾರ್ಥ ಮೈಯಲ್ಲಿ ಶೇಖರವಾಗಿ ಮಂಪರು ತಡವಾಗಿ, ಗಾಢವಾಗಿ ಬರುತ್ತದೆ. ಇನ್ನು, ಬೆನ್ನಿನ ಅರಿವಳಿಕೆಯ ಜೊತೆಗೆ ಮಾರ್ಫಿನ್ ಸೇರಿಸಿ ಕೊಡುವುದುಂಟು. ನೋವಿಗೆ ಅದು ಬಹಳ ಒಳ್ಳೆಯದು. ಆದರೆ ಅದು ಬೆನ್ನುಹುರಿಯ ನೀರಿನಲ್ಲಿ ಮೆಲ್ಲಗೆ ಮೇಲೇರಿ ಎಷ್ಟೋ ಗಂಟೆಗಳ ನಂತರ ಉಸಿರನ್ನು ಮಂದಗೊಳಿಸಬಹುದು. ಅದಕ್ಕಾಗಿ ಮೊದಲ 12 ಗಂಟೆ ಪ್ರತಿ ಗಂಟೆಗೊಮ್ಮೆ, ನಂತರದ 12 ಗಂಟೆ ಎರಡು ಗಂಟೆಗೊಮ್ಮೆ ನೋಡಬೇಕೆಂದು ಅಮೆರಿಕದ ಅರಿವಳಿಕೆ ವೈದ್ಯರ ಸಂಘದ ಮಾರ್ಗಸೂಚಿ ಹೇಳುತ್ತದೆ. ಬೆನ್ನಿಗೆ ಕೊಟ್ಟದ್ದರಲ್ಲಿ ಮಾರ್ಫಿನ್ ಇತ್ತೇ ಎಂದು ಕೇಳುವ ಹಕ್ಕು ನಿಮಗಿದೆ.


ನ್ಯೂಜೆರ್ಸಿಯ ಸೊಸೆ
ಬುಧವಾರ, ಬೆಳಿಗ್ಗೆ 6.20

ಇಲ್ಲಿ ಅತ್ತೆಯವರಿಗೆ ಗರ್ಭಕೋಶ ತೆಗೆದಾಗ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ, ಬೇರೆಯವರು ಮಾಡದಿರಲಿ.

ಇಲ್ಲಿ ರೋಗಿಯ ಕೈಗೆ ಒಂದು ಗುಂಡಿ ಕೊಡುತ್ತಾರೆ. ನೋವಾದಾಗ ಒತ್ತಿದರೆ ಪಂಪಿನಿಂದ ಸ್ವಲ್ಪ ಔಷಧ ಒಳಗೆ ಹೋಗುತ್ತದೆ. ಅತ್ತೆಗೆ ಇಂಗ್ಲಿಷ್ ಬಾರದು, ಆ ಗುಂಡಿಯ ಬಗ್ಗೆ ಭಯ ಬೇರೆ. ಅವರು ಮಲಗಿರುವಾಗ ಹುಬ್ಬು ಗಂಟಿಕ್ಕಿದರೆ ಸಾಕು, ಪಾಪ ನೋವಿರಬೇಕು ಎಂದು ನಾನೇ ಗುಂಡಿ ಒತ್ತುತ್ತಿದ್ದೆ. ಮೂರನೆಯ ಸಲ ನರ್ಸ್ ನೋಡಿಬಿಟ್ಟರು. ನನ್ನ ಕೈ ಹಿಡಿದು ನಿಲ್ಲಿಸಿ ಕೂರಿಸಿ ವಿವರಿಸಿದರು. ಆ ಪಂಪಿನ ಸುರಕ್ಷತೆ ನಿಂತಿರುವುದೇ ಒಂದು ವಿಷಯದ ಮೇಲೆ: ಮಂಪರು ಬಂದವರು ಗುಂಡಿ ಒತ್ತುವುದಿಲ್ಲ, ಔಷಧ ತಾನಾಗಿ ನಿಲ್ಲುತ್ತದೆ. ಪ್ರೀತಿಯಿಂದ ಬೇರೆಯವರು ಒತ್ತಿದರೆ ಆ ತಡೆಗೋಡೆಯೇ ಬೀಳುತ್ತದೆ. ಹೀಗೆ ಮನೆಯವರು ಒತ್ತಿ ಜೀವ ಹೋದದ್ದೂ ಇದೆಯಂತೆ. ಆ ಮಾತು ಕೇಳಿ ಕಾಲು ಕುಸಿದಂತಾಯಿತು. ಆಮೇಲೆ ಅತ್ತೆಗೆ ಕನ್ನಡದಲ್ಲಿ ಹೇಳಿಕೊಟ್ಟೆ. "ನೋವಾದರೆ ನೀವೇ ಒತ್ತಿ ಅತ್ತೆ, ನಾನು ಮುಟ್ಟುವುದಿಲ್ಲ" ಎಂದೆ. ಎಷ್ಟು ಚೆನ್ನಾಗಿ ಬಳಸಿದರು ಗೊತ್ತೇ!


ಹುಬ್ಬಳ್ಳಿಯ ಔಷಧ ವ್ಯಾಪಾರಿ
ಬುಧವಾರ, ರಾತ್ರಿ 9.00

ಅಂಗಡಿಯಲ್ಲಿ ಕೂತು ನೋಡುವ ಮಾತು. ಡಿಸ್ಚಾರ್ಜ್ ಚೀಟಿಯಲ್ಲಿ ಈಗ ಟ್ರಮಡಾಲ್, ಟಪೆಂಟಡಾಲ್ ಎಂಬ ನೋವಿನ ಮಾತ್ರೆ, ಜೊತೆಗೆ ನರದ ನೋವಿಗೆ ಕೊಡುವ ಪ್ರಿಗಾಬಲಿನ್ ಬರೆದಿರುತ್ತಾರೆ. ಎಷ್ಟೋ ಜನಕ್ಕೆ ಟ್ರಮಡಾಲ್ ಕೂಡ ಅಫೀಮು ಗುಂಪಿಗೆ ಸೇರಿದ್ದು ಎಂದು ಗೊತ್ತಿಲ್ಲ. 2018ರಲ್ಲಿ ಅದನ್ನು ಮಾದಕ ವಸ್ತುಗಳ ಕಾಯ್ದೆಯಡಿ ತಂದಿದ್ದಾರೆ. ಪ್ರಿಗಾಬಲಿನ್ ಸೇರಿದರೆ ಮಂಪರು ಇನ್ನೂ ಹೆಚ್ಚು. ಅದರ ಮೇಲೆ ಸಂಜೆ ಒಂದು ಪೆಗ್ ಹಾಕುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಇನ್ನೊಂದು, ಇದೇ ಗುಂಪಿನ ನೋವಿನ ಔಷಧ ಬುಪ್ರೆನಾರ್ಫಿನ್ ಇರುವ ಪಟ್ಟಿ. ಚರ್ಮಕ್ಕೆ ಅಂಟಿಸಿದರೆ ಏಳು ದಿನ. ಮೊನ್ನೆ ಒಬ್ಬರು ಬಂದು, ತಾಯಿಗೆ ಬೆನ್ನು ನೋವು ಹೆಚ್ಚಾಯಿತೆಂದು ಪಟ್ಟಿಯ ಮೇಲೆಯೇ ಬಿಸಿನೀರಿನ ಚೀಲ ಇಟ್ಟೆವು, ಬೆಳಿಗ್ಗೆ ಏಳಲೇ ಇಲ್ಲ ಎಂದು ಹೇಳಿದರು. ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡರು. ಶಾಖ ತಗುಲಿದರೆ ಪಟ್ಟಿಯಿಂದ ಔಷಧ ವೇಗವಾಗಿ ಇಳಿಯುತ್ತದೆ. ಜ್ವರ ಬಂದರೂ ಹಾಗೆಯೇ. ಕಿತ್ತು ಹಾಕಿದ ಮೇಲೂ ಚರ್ಮದಡಿ ಉಳಿದ ಔಷಧ ಗಂಟೆಗಟ್ಟಲೆ ಮೈ ಸೇರುತ್ತಿರುತ್ತದೆ. ತೆಗೆದ ಪಟ್ಟಿಯನ್ನು ಅಂಟು ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ.


ತುಮಕೂರಿನ ತಾಯಿ
ಗುರುವಾರ, ಬೆಳಿಗ್ಗೆ 10.15

ಮಕ್ಕಳ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ನನ್ನ ಮಗನಿಗೆ ಏಳು ವರ್ಷ, ಗಂಟಲಿನ ಟಾನ್ಸಿಲ್ ತೆಗೆಯಬೇಕು. ಮನೆಯಲ್ಲಿ ಕೊಡೀನ್ ಇರುವ ಕೆಮ್ಮಿನ ಸಿರಪ್ ಇದೆ. ಆಪರೇಷನ್ ಆದಮೇಲೆ ನೋವಿಗೂ ಕೆಮ್ಮಿಗೂ ಅದನ್ನೇ ಕೊಡಬಹುದೇ?


ಅರಿವಳಿಕೆ ವೈದ್ಯೆ, ಮೈಸೂರು
ಗುರುವಾರ, ಬೆಳಿಗ್ಗೆ 10.22

ಬೇಡ. ಒಂದು ಚಮಚವೂ ಬೇಡ. ಕೊಡೀನ್ ಯಕೃತ್ತಿನಲ್ಲಿ ಮಾರ್ಫಿನ್ ಆಗಿ ಬದಲಾಗುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಬದಲಾವಣೆ ಬಹಳ ವೇಗ. ಅದು ಮೊದಲೇ ನೋಡಿದರೆ ತಿಳಿಯುವುದಿಲ್ಲ. ಟಾನ್ಸಿಲ್ ದೊಡ್ಡದಾದ ಮಕ್ಕಳಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಇರುತ್ತದೆ. ಎರಡೂ ಕೂಡಿ ಮಕ್ಕಳು ಮನೆಯಲ್ಲಿ ಮಲಗಿದ್ದಲ್ಲಿಯೇ ತೀರಿಕೊಂಡ ವರದಿಗಳು ಬಂದ ಮೇಲೆ, 2013ರಲ್ಲಿ ಅಮೆರಿಕದಲ್ಲಿ ಟಾನ್ಸಿಲ್ ಆಪರೇಷನ್ ನಂತರ ಮಕ್ಕಳಿಗೆ ಕೊಡೀನ್ ಕೊಡಬಾರದೆಂದು ಎಚ್ಚರಿಕೆ ಹೊರಬಂತು. 2017ರಲ್ಲಿ ಹನ್ನೆರಡು ವರ್ಷದೊಳಗಿನವರಿಗೆ ಕೊಡೀನ್, ಟ್ರಮಡಾಲ್ ಎರಡನ್ನೂ ಕೊಡಬಾರದೆಂದು ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ ಹೇಳಿತು. ನೋವಿಗೆ ಏನು ಕೊಡಬೇಕೆಂದು ನಿಮ್ಮ ವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ಸಾಮಾನ್ಯವಾಗಿ ಅದು ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್. ಮಗ ರಾತ್ರಿ ಗೊರಕೆ ಹೊಡೆಯುತ್ತಾನೆಯೇ, ಉಸಿರು ನಿಲ್ಲುತ್ತದೆಯೇ ಎಂಬುದನ್ನು ಅವರಿಗೆ ತಪ್ಪದೆ ಹೇಳಿ. ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದರೆ ಇನ್ನೂ ಒಳ್ಳೆಯದು. ಆ ಸಿರಪ್ ಬಾಟಲಿಯನ್ನು ಇಂದೇ ಮನೆಯಿಂದ ಹೊರಗೆ ಹಾಕಿ.


ಚನ್ನರಾಯಪಟ್ಟಣದ ರೈತ
ಗುರುವಾರ, ರಾತ್ರಿ 8.40

ಸಿಸ್ಟರ್, ನಿಮ್ಮ ಮಾತನ್ನು ಎರಡು ಸಲ ಓದಿದೆ. ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ಆಪರೇಷನ್ ಆದ ನಾಲ್ಕನೆಯ ದಿನ ಅವರಿಗೆ ಕಫ ಕಟ್ಟಿ ಜ್ವರ ಬಂದು ಮತ್ತೆ ಆಸ್ಪತ್ರೆಗೆ ಸೇರಿಸಿದ್ದರಂತೆ. ನನಗೆ ಅದು ಗೊತ್ತಿರಲಿಲ್ಲ. ಸಹಿ ಮಾಡಿಕೊಡಿ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅಕ್ಕ.


ಹಾಸನದ ಮಗಳು
ಐದು ವಾರಗಳ ನಂತರ, ಭಾನುವಾರ, ಮಧ್ಯಾಹ್ನ 3.15

ಎಲ್ಲರಿಗೂ ತಿಳಿಸಲೆಂದು ಬಂದೆ. ಅಮ್ಮನ ಆಪರೇಷನ್ ಗುರುವಾರ ಆಯಿತು.

ಮೊದಲ ಭೇಟಿಗೆ ಹೋದಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ: ಅಮ್ಮ ನುಂಗುವ ಎಲ್ಲ ಮಾತ್ರೆಗಳ ಹೆಸರು, ರಾತ್ರಿ ಗೊರಕೆ ಇದೆ, ಅಪ್ಪನಿಗೆ ಹೀಗಾಗಿತ್ತು. ಅರಿವಳಿಕೆ ಡಾಕ್ಟರು ಹಾಳೆಯನ್ನು ಪೂರ್ತಿ ಓದಿದರು. ಕತ್ತಿನ ಸುತ್ತಳತೆ ಅಳೆದರು, ಹಗಲಿನಲ್ಲಿ ತೂಕಡಿಕೆ ಬರುತ್ತದೆಯೇ ಎಂದು ಕೇಳಿದರು. ಕೊಯ್ದ ಜಾಗಕ್ಕೆ ಮರಗಟ್ಟುವ ಔಷಧ, ಸಮಯಕ್ಕೆ ಸರಿಯಾಗಿ ಪ್ಯಾರಾಸಿಟಮಾಲ್, ಜೊತೆಗೆ ಇನ್ನೊಂದು ನೋವಿನ ಔಷಧ ಕೊಟ್ಟು, ಮಾರ್ಫಿನ್ ಗುಂಪಿನದನ್ನು ಬೇಕಾದರೆ ಮಾತ್ರ ಸ್ವಲ್ಪವೇ ಕೊಡುತ್ತೇವೆ ಎಂದರು. ನಲೋಕ್ಸೋನ್ ವಾರ್ಡಿನಲ್ಲಿಯೇ ಇದೆಯೇ ಎಂದು ಸಂಕೋಚದಿಂದ ಕೇಳಿದೆ. ಸಿಸ್ಟರ್ ಅಲಮಾರಿ ತೆರೆದು ತೋರಿಸಿದರು.

ರಾತ್ರಿ ಒಂದೇ ಒಂದು ಸಣ್ಣ ಇಂಜೆಕ್ಷನ್ ಬೇಕಾಯಿತು. ಅಮ್ಮನ ಕೈಚೀಲವನ್ನು ಮನೆಯಲ್ಲಿಯೇ ಬಿಟ್ಟು ಬಂದಿದ್ದೆ. ಅರ್ಧ ಗಂಟೆಗೊಮ್ಮೆ ಹೊದಿಕೆ ಸರಿಸಿ ಎಣಿಸಿದೆ. 15, 14, 14, 16. ಮೂರು ಗಂಟೆಗೆ "ಅಮ್ಮಾ, ನಾಳೆ ಏನು ತಿನ್ನುತ್ತೀರಿ?" ಎಂದು ಕೇಳಿದೆ. "ಗಂಜಿ. ಉಪ್ಪಿನಕಾಯಿ ಕೊಟ್ಟರೆ ಒಳ್ಳೆಯದು. ಈಗ ನನ್ನನ್ನು ಮಲಗಲು ಬಿಡು" ಎಂದರು. ವಾಕ್ಯ ಪೂರ್ತಿಯಾಗಿತ್ತು. ಬಿಟ್ಟೆ.

ವೈದ್ಯೆಯವರೇ, ಅಪ್ಪನ ಗೊರಕೆಯ ಬಗ್ಗೆ ಕೇಳಿದ್ದಿರಿ. ಹೌದು, ಪಕ್ಕದ ಕೋಣೆಗೂ ಕೇಳುವಷ್ಟು ಜೋರು. ನಿದ್ದೆಯ ಪರೀಕ್ಷೆಗೆ ಮುಂದಿನ ಬುಧವಾರ ಕರೆದುಕೊಂಡು ಹೋಗುತ್ತಿದ್ದೇನೆ. ಎಡ ಮೊಣಕಾಲು ಇನ್ನೂ ಬಾಕಿ ಇದೆ.